ಕೋಡಿಯ ಲೆಕ್ಕ

ಹಳೆಯ ಮಾದರಿಯಲ್ಲಿ ಇಡೀ ಕಣಿವೆಗೆ ಒಂದೇ ಕಟ್ಟೆ.
ನಾನೂರ ಹನ್ನೆರಡು ಹೊಂಡಗಳನ್ನು ಕೂಡಿಸಿ
ಶೀಓಕ್ ತೊರೆಯ ಬಾಯಿಗೆ
ದೊಡ್ಡದೊಂದು ಬೋಗುಣಿ ಇಟ್ಟ ಹಾಗೆ.
ಅದು ಹೇಳಿತ್ತು: ಜೂನ್ ಹದಿನಾಲ್ಕಕ್ಕೆ ತೊರೆ ಹರಿಯುತ್ತದೆ.

ಹರಿಯಲಿಲ್ಲ.
ಜುಲೈ ಮುಗಿಯುತ್ತ ಬಂದಾಗ
ಕೆಳಗಿನ ಕುರಿಹಟ್ಟಿಯ ಕ್ಲೆಮ್ ಪೆಂಗಿಲ್ಲಿ ಫೋನು ಮಾಡಿ
"ನಿಮ್ಮ ಕಂಪ್ಯೂಟರಿನ ನೀರು ಬಂತಂತಲ್ಲಮ್ಮ,
ನಮ್ಮದು ಇನ್ನೂ ದಾರಿಯಲ್ಲಿದೆ" ಎಂದ.

ಅದಕ್ಕೇ ಥೆಕ್ಲಾ ಈಗ
ಗುರುತು ಕೊರೆದ ಗಳ ಹಿಡಿದು
ತಗಡಿನ ದೋಣಿಯಲ್ಲಿ ಕೂತಿದ್ದಾಳೆ.
ಉಪಗ್ರಹಕ್ಕೆ ಕಾಣುವುದು ನೀರಿನ ಮುಖ ಮಾತ್ರ.
ಅಗಲ ನೋಡಿ ಆಳ ಹೇಳುವುದೆಂದರೆ
ಟೋಪಿ ನೋಡಿ ತಲೆಯೊಳಗಿನದನ್ನು ಹೇಳಿದಂತೆ.

ದಡದಲ್ಲಿ ಮಡಚುಕುರ್ಚಿ ಹಾಕಿಕೊಂಡ ಎಲ್ಫ್ರೀಡಾ ನೋಸ್ಕೆ,
ಎಂಬತ್ತಮೂರು, ಬಾಯಲ್ಲಿ ಪೆಪ್ಪರ್‌ಮಿಂಟು:
"ಎಡಮೂಲೆ ಬರೀ ಮೊಣಕಾಲುದ್ದ.
ಅರವತ್ತೇಳರಲ್ಲಿ ಬುಲ್ಡೋಜರಿನ ಹಲ್ಲು
ಬಂಡೆಗೆ ತಾಗಿ ಮುರಿಯಿತು.
ನನ್ನ ಗಂಡ ಬೈದ ಬೈಗುಳ ಇನ್ನೂ ಅಲ್ಲೇ ತಳದಲ್ಲಿದೆ.
ಬಲಕ್ಕೆ ಹೋಗು. ಅಲ್ಲಿ ಗಳ ಸಾಲದು."

ಸಾಲಲಿಲ್ಲ.
ನೋಟುಬುಕ್ಕಿನಲ್ಲಿ: ಹೊಂಡ ೨೦೭. ಬಲ, ನಾಲ್ಕು ಮೀಟರಿಗೂ ಮಿಕ್ಕಿ.
ಎಡ, ಬಂಡೆ. ಬೈಗುಳ.

ಹನಿ ಹನಿ ಗೂಡಿದರೆ ಹಳ್ಳ ಅನ್ನುತ್ತೇವೆ ನಾವು.
ಗಾದೆಗೇನು, ಅದು ಮೇಲಿನ ಕಟ್ಟೆಗಳನ್ನು ಎಣಿಸಿಲ್ಲ.
ಬೇಸಿಗೆ ಉಂಡ ಮಣ್ಣು ಮೊದಲು ಕುಡಿಯುತ್ತದೆ.
ಆಮೇಲೆ ಗುಡ್ಡದ ನೆತ್ತಿಯ ಪುಟ್ಟ ಹೊಂಡ,
ಮೂರು ಮುದಿ ಕುದುರೆಗಳದ್ದು;
ಅದು ಕೋಡಿ ಬಿದ್ದರೆ ಚೆರ್ರಿತೋಟದ್ದು;
ಅದೂ ಬಿದ್ದರೆ ದ್ರಾಕ್ಷಿಯವರದ್ದು.
ದ್ರಾಕ್ಷಿಯವರದ್ದು ಬೀಳುವುದೇ ಅಪರೂಪ,
ರಾತ್ರಿಯೆಲ್ಲ ಪಂಪು ಗುಟುಕರಿಸುತ್ತಿರುತ್ತದೆ.
ಯಾರೂ ಕಳ್ಳರಲ್ಲ.
ಕೇಳಿ ನೋಡಿ, ಎಲ್ಲರದೂ ಒಂದೊಂದೇ ಬೊಗಸೆ.

ಮೋಟೆಲಿನ ಇಸ್ತ್ರಿಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು
ಥೆಕ್ಲಾ ಆ ಬೋಗುಣಿಯನ್ನು ಒಡೆದಳು.
ನಾನೂರ ಹನ್ನೆರಡು ಚೂರು.
ಒಂದೊಂದಕ್ಕೂ ತನ್ನದೇ ತಳ, ತನ್ನದೇ ದಾಹ,
ತನ್ನ ಕೋಡಿ ಯಾರ ಹೊಲಕ್ಕೆಂಬ ವಿಳಾಸ.
ಮಾದರಿ ಕುಂಟಿತು, ನಲವತ್ತು ನಿಮಿಷ ಮುಲುಗಿತು,
ಕೊನೆಗೆ ಹೇಳಿತು: ಆಗಸ್ಟ್ ಒಂಬತ್ತು.

ತೊರೆ ಬಂದದ್ದು ಹದಿನೆಂಟಕ್ಕೆ.
ಸದ್ದಿಲ್ಲದೆ, ಕಂದು ನೊರೆಯ ಅಂಚಿನಲ್ಲಿ
ತೊಗಟೆಚೂರು ಕುರಿಹಿಕ್ಕೆ ತಳ್ಳಿಕೊಂಡು,
ಮಗು ಅಂಬೆಗಾಲಿಟ್ಟಷ್ಟು ನಿಧಾನ.
ಕ್ಲೆಮ್ ಅದಕ್ಕೆ ಮುಖ ಕೊಟ್ಟು
ಹಿಂದಿಂದಕ್ಕೆ ಹೆಜ್ಜೆಯಿಡುತ್ತ ಬೇಲಿಯವರೆಗೂ ಕರೆತಂದನಂತೆ.

ಒಂಬತ್ತು ದಿನ ಇನ್ನೂ ತಪ್ಪು.
ಎಲ್ಲೋ ನೀಲಗಿರಿ ಮರಗಳ ನೆರಳಲ್ಲಿ,
ಮೇಲಿನ ಕಣ್ಣಿಗೆ ಬೀಳದೆ,
ಯಾರದೋ ಹೊಂಡ ಆ ಒಂಬತ್ತು ದಿನ ತುಂಬುತ್ತ ಕೂತಿತ್ತು.

ಥೆಕ್ಲಾ ಗಳವನ್ನು ಕಾರಿನ ನೆತ್ತಿಗೆ ಕಟ್ಟುತ್ತಿದ್ದಾಳೆ.
ಈ ಸಲ ಉದ್ದದ್ದು.