ಡೀಸೆಲ್ ವಹಿಯಲ್ಲಿ ಒಂದು ರೈಲು

ಆ ಗಾಡಿಗೆ ಹೆಸರಿರಲಿಲ್ಲ. ನಂಬರಿತ್ತು,
ಸೊನ್ನೆಯಿಂದ ಶುರುವಾಗುವ ನಂಬರು,
ಬಾಡಿಗೆಗೆ ತಂದ ಪಾತ್ರೆಯ ತಳಕ್ಕೆ ಬಣ್ಣದಲ್ಲಿ ಬರೆದ ಹಾಗೆ.
ಶಿರವಾಡದ ಸ್ಟೇಷನ್ನಿನಲ್ಲಿ ನಾವು
‘ರೊಟ್ಟಿ ಗಾಡಿ ಎಷ್ಟು ಲೇಟು?’ ಅನ್ನುತ್ತಿದ್ದೆವು.

ಹೋಳಿಯ ಬಣ್ಣ ತೊಳೆದ ಮೇಲಿನ ಭಾನುವಾರ ಮೊದಲನೆಯದು,
ಮಿರಗದ ಮಳೆಗೆ ಮುಂಚಿನ ಭಾನುವಾರ ಕೊನೆಯದು.
ರಾತ್ರಿ ಹುಬ್ಬಳ್ಳಿ ಬಿಟ್ಟು, ಲೋಂಡಾದಲ್ಲಿ ಚಹಾ ಕುಡಿದು,
ಘಟ್ಟವನ್ನು ನಿದ್ದೆಯಲ್ಲಿ ಇಳಿದು
ಬೆಳಿಗ್ಗೆ ಏಳಕ್ಕೆ ಇಲ್ಲಿಗೆ. ಸಂಜೆ ಏಳಕ್ಕೆ ವಾಪಸ್ಸು.
ನಡುವಿನ ಹನ್ನೆರಡು ತಾಸು
ನನ್ನ ನೀಲಿ ಟೆಂಪೊದವು.

ಚರಿತ್ರೆ ಅಂತ ಇರುವುದು ನನ್ನ ಡೀಸೆಲ್ ಲೆಕ್ಕದ ವಹಿಯಲ್ಲೇ.
ಮೊದಲ ವರ್ಷ ಒಂಬತ್ತು ಡಬ್ಬಿ, ದಿನಕ್ಕೆ ಹದಿನಾಲ್ಕು ಟ್ರಿಪ್ಪು.

ಕಾಳಿಯ ಸೇತುವೆಗೇ ಅವರಿಗೆ ಕಡಲು ಬಂದುಬಿಡುತ್ತಿತ್ತು.
ಕಿಟಕಿ ಕಿಟಕಿಯಲ್ಲಿ ಚಪ್ಪಾಳೆ, ನಾಣ್ಯ, ಒಮ್ಮೆ ಇಡೀ ತೆಂಗಿನಕಾಯಿ.
(ಅದು ಕೆಳಗೆ ಬಳಚು ಹೆಕ್ಕುವವಳ ಬುಟ್ಟಿಗೇ ಬಿತ್ತಂತೆ.
ಹೇಳಿದ್ದು ಪಾಯಿಂಟ್ಸ್‌ಮನ್ ಗಾಬ್ರೆಲ್. ಅರ್ಧ ನಂಬಬೇಕು.)
ಆಮೇಲೆ ಇಳಿದು ನೋಡಿದರೆ ಗುಡ್ಡ, ಗದ್ದೆ, ಸಿಮೆಂಟಿನ ಬೆಂಚು.
‘ಸಮುದ್ರ ಎಲ್ಲೈತ್ರೀ?’
ಇನ್ನೂ ಎಂಟು ಕಿಲೋಮೀಟರು ಎಂದರೆ
ಅದನ್ನು ನಾನೇ ಮುಚ್ಚಿಟ್ಟವನಂತೆ ನೋಡುವರು.
ಕಡಲಿಗೆಂದೇ ಬಿಟ್ಟ ರೈಲು
ಒಂದು ದಿನವೂ ಕಡಲು ನೋಡಲಿಲ್ಲ.

ನನ್ನ ಮನೆಮಾತು ಕೊಂಕಣಿ.
ಶಾಲೆಯ ಕನ್ನಡ ಮಾರ್ಕಿಗೆ ಸಾಕಿತ್ತು, ಮಾತಿಗಲ್ಲ.
‘ಹೌದ್ರಿ’, ‘ಅಗದೀ’, ‘ಹಂಗಲ್ಲಪಾ’ ಎಲ್ಲ
ಅವರು ಟೆಂಪೊದಲ್ಲಿ ಮರೆತುಹೋದ ಸಾಮಾನು,
ಒಂಟಿ ಚಪ್ಪಲಿ, ಶೇಂಗಾ ಹಿಂಡಿಯ ಡಬ್ಬಿಯ ಜೊತೆಗೆ.
ವಾರಸುದಾರರು ಬರಲಿಲ್ಲ. ಬಳಸಿಕೊಂಡೆ.

ಮೂರನೇ ವರ್ಷ, ಮೇ ಹನ್ನೊಂದು. ಆಯಿಲ್ ಒಂದು ಲೀಟರು.
ಪಕ್ಕದಲ್ಲಿ ಬರೆದಿದ್ದೇನೆ: ಗುರುಸಿದ್ದವ್ವ, ನರಗುಂದ.
ಸೀರೆ ಎತ್ತಿ ಕಟ್ಟಿ, ಬೊಗಸೆ ನೀರು ಬಾಯಿಗೆ ಹಾಕಿದಳು.
ಉಗುಳಲಿಲ್ಲ, ನುಂಗಿದಳು.
‘ಉಪ್ಪ ಜಾಸ್ತಿ ಆತು’ ಅಂದಳು,
ನೆರೆಮನೆಯ ಸಾರು ರುಚಿ ನೋಡಿದವಳಂತೆ.
ಇನ್ನಷ್ಟು ಕಡಲು ತೋರಿಸೋಣ ಅಂತ ತೆಂಕಣಕ್ಕೆ ಹೊಡೆದೆ.
ಬಿಣಗಾ ದಾಟಿದ ಮೇಲೆ ಗೋಡೆ. ಗೋಡೆಯ ಮೇಲೆ ಮುಳ್ಳುತಂತಿ.
‘ಇಷ್ಟ ನೀರಿಗೆ ಬೇಲಿ ಯಾರ ಹಾಕ್ಯಾರ್ರೀ?’

ಗೇರು ಬದಲಿಸಿದೆ.
ಆಚೆಗೆ ನಮ್ಮ ದೋಣಿ ಎಳೆಯುವ ಜಾಗ,
ಅಪ್ಪ ಬಲೆ ಒಣಗಿಸುತ್ತಿದ್ದ ಹೊನ್ನೆಮರ, ಸಿಹಿನೀರಿನ ಬಾವಿ.
ನೌಕಾನೆಲೆಗೆ ಬಿಟ್ಟುಬಂದಾಗ ನನಗೆ ಹದಿನಾರು.
ಪರಿಹಾರದ ಕೊನೆಯ ಕಂತಿನ ಮೇಲೆಯೇ ಆಕೆ ಕೂತಿದ್ದಳು,
ರೆಕ್ಸಿನ್ ಹರಿದ ಮುಂದಿನ ಸೀಟಿನಲ್ಲಿ.
ಅವಳಿಂದಲೇ ಕಲಿತ ಕನ್ನಡ ಅಷ್ಟಕ್ಕೆ ಸಾಲಲಿಲ್ಲ.
‘ಸರಕಾರದ್ದ್ರಿ’ ಅಂದೆ.
ಗೋಡೆ ಮುಗಿಯುವವರೆಗೆ ಸುಮ್ಮನಿದ್ದು ಕೇಳಿದಳು:
‘ಮೀನಿಗೆ ಗೊತ್ತೈತೇನ?’

ನಾಲ್ಕನೇ ವರ್ಷ ಆರು ಡಬ್ಬಿ. ಐದನೇ ವರ್ಷ ನಾಲ್ಕು,
ಒಂದು ಗಾರ್ಡಿನದೇ.
ಆರನೇ ವರ್ಷ ಹೋಳಿಯ ಮರು ಭಾನುವಾರ
ಹನ್ನೊಂದು ಟೆಂಪೊ, ಬೆಳಿಗ್ಗೆ ಆರಕ್ಕೇ ಸಾಲು.
ಸ್ಟೇಷನ್ ಮಾಸ್ತರರು ಹಲ್ಲುಜ್ಜುತ್ತ ಹೊರಬಂದು
‘ಈ ಸಲ ಇನ್ನೂ ಆರ್ಡರು ಬಂದಿಲ್ಲ’ ಅಂದರು.
ನಿಂತಿತು ಅಂತ ಯಾರೂ ಹೇಳಲಿಲ್ಲ.
ಲೆಕ್ಕಕ್ಕೆ ಅದು ಇವತ್ತಿಗೂ ಲೇಟು.

ಈಗ ಟೆಂಪೊದಲ್ಲಿ ಬೈತಖೋಲಿಗೆ ಐಸು ಹಾಕುತ್ತೇನೆ.
ಅರ್ಧ ದಾರಿಯಲ್ಲೇ ಸೋರುತ್ತದೆ.
ಭಾನುವಾರ ಗಾಬ್ರೆಲನ ಮನೆಯಲ್ಲಿ ಬಂಗಡೆ ಸಾರಿಗೆ
ಅವನ ಹೆಂಡತಿ ಜೋಳದ ರೊಟ್ಟಿ ತಟ್ಟುತ್ತಾಳೆ.
ಪ್ಲಾಟ್‌ಫಾರ್ಮಿನಲ್ಲಿ ನೋಡಿ ಕಲಿತದ್ದು, ದುಂಡಗೆ ಬರುವುದಿಲ್ಲ.
ನಾನು ಒಂದು ತುತ್ತು ಬಾಯಿಗಿಟ್ಟು
‘ಉಪ್ಪ ಜಾಸ್ತಿ ಆತು’ ಅನ್ನುತ್ತೇನೆ.
‘ಹೌದ್ರಿ’ ಅನ್ನುತ್ತಾಳೆ ಫಿಲೊಮಿನ್,
ಇನ್ನೊಂದು ಹಾಕುತ್ತಾಳೆ.