ಸಡಿಲ ಬೀಡಿ

ಖಾಲಿದ್ ಶಾರ್ಜಾದಿಂದ ಬಂದದ್ದು ಅಕ್ಟೋಬರ್ ಒಂದಕ್ಕೆ.
ಮೂವತ್ತು ದಿನದ ರಜೆ, ಒಂದು ವಿಸಿಆರ್,
ಕಂಬಳಿಯಲ್ಲಿ ಸುತ್ತಿ ತಂದ ಮೂವತ್ತು ಕ್ಯಾಸೆಟ್ಟು.
ಎಲ್ಲ ಪ್ರೇತದ್ದೇ.
"ಹಾಡಿನದ್ದು ಒಂದಾದರೂ ತರಬಾರದಿತ್ತಾ?"
ಬೀಫಾತುಮ್ಮ ಬೈದದ್ದು ಉಪ್ಪಳ ಪೇಟೆಗೆ ಕೇಳಿತು.
ಅವನ ಬಿಳಿ ಸಾಹೇಬರ ಮನೆಯಲ್ಲಿ
ಈ ತಿಂಗಳಿಡೀ ಇದನ್ನೇ ನೋಡುವುದಂತೆ,
ಕೊನೆಗೆ ಚೀನಿಕಾಯಿಗೆ ಕಣ್ಣು ಹಲ್ಲು ಕೊರೆದು
ಒಳಗೆ ದೀಪ ಇಡುವುದಂತೆ.
"ತಿರುಳು ಏನು ಮಾಡ್ತಾರೆ?" ಕೇಳಿದ್ದು ನನ್ನ ಅಮ್ಮ.
ಅವನಿಗೆ ಗೊತ್ತಿರಲಿಲ್ಲ.

ಸಂಜೆ ಏಳಕ್ಕೆ ಅವರ ಅಂಗಳದಲ್ಲಿ
ನಾವು ಹನ್ನೊಂದು ಮಂದಿ, ಹನ್ನೊಂದು ತಡ್ಪೆ,
ಎಲೆ, ಹೊಗೆಸೊಪ್ಪು, ಕತ್ತರಿ, ನೂಲು.
ಸಿನಿಮಾ ಬಿಟ್ಟಿ, ಆದರೆ ಬೀಡಿ ಬಿಡುವ ಹಾಗಿಲ್ಲ,
ಬೆಳಗಾದರೆ ಬ್ರಾಂಚಿಗೆ ಸಾವಿರ ಕೊಡಬೇಕು.
ಪರದೆಯಲ್ಲಿ ಇಂಗ್ಲಿಷು. ಖಾಲಿದ್ ಬ್ಯಾರಿಯಲ್ಲಿ ಹೇಳುವುದು,
ಐಸಮ್ಮ ಅದನ್ನು ತುಳುವಿಗೆ ತರುವುದು,
ಗದಗದಿಂದ ಬಂದ ನೀಲಗಂಗಾ ಟೀಚರಿಗೆ ನಾನು ಕನ್ನಡಕ್ಕೆ.
ಅಷ್ಟರಲ್ಲಿ ಕೊಲೆ ಆಗಿ ಹೆಣ ಹೂತಾಗಿರುತ್ತಿತ್ತು.
ಪಾಪ, ಟೀಚರ ಹೆದರಿಕೆ
ಯಾವಾಗಲೂ ಮೂರು ಭಾಷೆ ತಡ.

ಮರುದಿನ ಚೆಕ್ಕರ್ ಸಂಜೀವಣ್ಣ
ಕಟ್ಟು ಹಿಡಿದು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ:
"ಇಲ್ಲಿವರೆಗೆ ಬಿಗಿ ಉಂಟು. ಇಲ್ಲಿಂದ ಸಡಿಲ.
ಇಲ್ಲಿಯಾ ಅದು ಬಾವಿಯಿಂದ ಎದ್ದದ್ದು?"
ಹೌದು, ಅಲ್ಲಿಯೇ.
ಒಂದು ದಿನವೂ ನೋಡಲು ಬಾರದ ಮನುಷ್ಯ
ನಮ್ಮ ಬೀಡಿಯಲ್ಲೇ ಅಷ್ಟೂ ಕತೆ ಓದಿಕೊಂಡು
ಸಡಿಲಾದವನ್ನು ಮುರಿದು ಮೂಲೆಗೆ ಎಸೆಯುತ್ತಿದ್ದರು.
ಆ ಲಟಕ್ಕನೆಯ ಸದ್ದಿಗೆ ಹೆದರಿದಷ್ಟು
ನಾವು ಯಾವ ಹೆಣಕ್ಕೂ ಹೆದರಿದ್ದಿಲ್ಲ.
ಆದರೂ ಏಳು ಗಂಟೆ ಆಗುವುದನ್ನೇ ಕಾಯುತ್ತಿದ್ದೆವು.

ಹತ್ತೊಂಬತ್ತನೆಯ ರಾತ್ರಿಯದ್ದು ಹುಡುಗಿ ಪ್ರೇತ.
ಒದ್ದೆ ಕೂದಲು, ಮೆಟ್ಟಿಲ ಮೇಲೆ ಸುಮ್ಮನೆ ನಿಲ್ಲುತ್ತದೆ.
ಮನೆಯವರು ಓಡುತ್ತಾರೆ, ಬಾಗಿಲು ಹಾಕುತ್ತಾರೆ,
ಪಾದ್ರಿಯನ್ನು ಕರೆಸುತ್ತಾರೆ.
ಜುಲಿಯಾನ ಬಾಯಿ ಶಿಲುಬೆಯ ಗುರುತು ಹಾಕಿಕೊಂಡರು.
ನಾನು ಚಾಪೆಯ ಅಂಚು ಕಚ್ಚಿದೆ.
ಅಮ್ಮ ಮಾತ್ರ ನೂಲು ಸುತ್ತುತ್ತಾ,
"ಎಂಥ ಜನ ಮಾರಾಯ್ತಿ ಇವರು!
ನಿನಗೆ ಏನು ಬೇಕು ಮಗಾ ಅಂತ
ಒಬ್ಬರಾದರೂ ಕೇಳಬಾರದಾ?
ಪ್ರಾಯಕ್ಕೆ ಬಂದಿದೆ ಅದು.
ಅದರ ಹಾಗೆಯೇ ಹೋದ ಗಂಡು ಒಂದು ಹುಡುಕಿ
ಆಟಿಯಲ್ಲಿ ಮದುವೆ ಮಾಡಿಸಿದರೆ
ಅದರ ಪಾಡಿಗೆ ಅದು ಹೋಗ್ತದೆ."

ಎಲ್ಲರೂ ನಕ್ಕರು. ಐಸಮ್ಮ ತಿರುಗಿಸಿ ಹೇಳಿದ ಮೇಲೆ
ಬೀಫಾತುಮ್ಮನೂ. ಕೊನೆಗೆ ಟೀಚರು.
ನಗು ಮುಗಿದಾಗ ಅಮ್ಮ ಕತ್ತರಿ ಕೆಳಗಿಟ್ಟು,
ಯಾರನ್ನೂ ನೋಡದೆ:
"ನಮ್ಮ ಸರಸುವಿಗೆ ಈ ತಿಂಗಳಿಗೆ ಹದಿನೆಂಟು."

ಹಾಲು ಕುಡಿಯುವಾಗಲೇ ಹೋದ ಅಕ್ಕ.
ಅವಳಿಗೆ ಹೆಸರಿತ್ತೆಂದು
ನನಗೆ ತಿಳಿದದ್ದು ಆಗಲೇ.

ಖಾಲಿದ್ ಯಾವುದೋ ಗುಂಡಿ ಒತ್ತಿದ.
ಹುಡುಗಿ ಮೆಟ್ಟಿಲ ಮೇಲೆ ನಿಂತಲ್ಲೇ ನಿಂತು ನಡುಗಿದಳು,
ಬಾಯಿ ಅರ್ಧ ತೆರೆದು,
ಊಟಕ್ಕೆ ಕರೆದರೆ ಬರುವವಳ ಹಾಗೆ.

ಬೆಳಿಗ್ಗೆ ಸಂಜೀವಣ್ಣ ಅಮ್ಮನ ಕಟ್ಟನ್ನು
ತುಂಬ ಹೊತ್ತು ಒತ್ತಿದರು.
"ಕಮಲಾಕ್ಷಿ, ಇಷ್ಟು ಬಿಗಿ ಕಟ್ಟಿದರೆ
ಹೊಗೆ ಎಲ್ಲಿಂದ ಬರಬೇಕು?"
ಮುರಿಯಲಿಲ್ಲ. ಪುಸ್ತಕದಲ್ಲಿ ಸಾವಿರ ಎಂದೇ ಬರೆದರು.

ಹೊರಡುವ ಹಿಂದಿನ ದಿನ ಖಾಲಿದ್
ಚೀನಿಕಾಯಿ ಕೊರೆದ; ಒಂದು ಕಣ್ಣು ದೊಡ್ಡದಾಯಿತು,
ಮಕ್ಕಳು ಹೆದರುವ ಬದಲು ಅದಕ್ಕೆ ಟೊಪ್ಪಿ ಇಟ್ಟರು.
ಅಮ್ಮ ತಿರುಳು ತಂದು ಬೆಲ್ಲ ಹಾಕಿ ಗಟ್ಟಿ ಬೇಯಿಸಿದಳು,
ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿ
ಬಟ್ಟೆಯಲ್ಲಿ ಸುತ್ತಿ, ಬೀಡಿ ನೂಲಿನಲ್ಲೇ ಬಿಗಿದು
ಮಾಡಿನ ಪಕಾಸಿಗೆ ಕಟ್ಟಿದಳು.
"ಆಟಿಗೆ ಬೇಕಾಗ್ತದೆ," ಎಂದಳು.
ಯಾವುದಕ್ಕೆ ಎಂದು ನಾನು ಕೇಳಲಿಲ್ಲ.