ಪೆಟ್ಟಿಗೆಯಲ್ಲಿಲ್ಲದ ಅಂಕಿ

ಬೈತಖೋಲ ಬಂದರಿನ ಬೆನ್ನಿಗೆ ನಮ್ಮ ವರ್ಕ್‌ಶಾಪು.
ಸಾಮಾನು ಕೊಡುವ ಕಿಂಡಿಯ ಒಳಗೆ ನಾನು,
ಹೊರಗೆ ಗ್ರೀಸು ಮೆತ್ತಿದ ಕೈಗಳು.
ಹಿತ್ತಾಳೆ ಬಿಲ್ಲೆ ಇಟ್ಟರೆ ಸ್ಪ್ಯಾನರು,
ಸ್ಪ್ಯಾನರು ತಂದರೆ ಬಿಲ್ಲೆ.
ಇಪ್ಪತ್ತೆರಡು ವರ್ಷದಿಂದ ಇಷ್ಟೇ ವ್ಯವಹಾರ.

ತಿಯಾಮಿಕೆ ಬಂದದ್ದು ಜುಲೈಯಲ್ಲಿ,
ಮಲಾವಿಯಿಂದ, ದೋಣಿಯ ಇಂಜಿನ್ನು ಕಲಿಯಲು.
ಅವನ ಹೆಸರು ರಿಜಿಸ್ಟರಿನ ಗೆರೆ ದಾಟಿ
ಪಕ್ಕದ ಸಹಿಯ ಕಾಲಮ್ಮಿಗೆ ಹೋಯಿತು.
ಮೊದಲ ವಾರ ಬೆರಳಲ್ಲೇ ಮಾತು:
ಇಷ್ಟು ದಪ್ಪ, ಇಷ್ಟು ಸಣ್ಣ.
ನಾನು ಮಾಜಾಳಿಯ ಕೊಂಕಣಿಯವಳು,
ಕನ್ನಡ ಕಲಿತದ್ದು ಶಾಲೆಯಲ್ಲಿ, ಪೆಟ್ಟು ತಿಂದು.
ಅದಕ್ಕೇ ಇರಬೇಕು ಹಟ,
ಬಾಯಿ ಬಿಟ್ಟು ಕೇಳದೆ ಕೊಡಲಿಲ್ಲ.
ಎಂಟು. ಹತ್ತು. ಹನ್ನೆರಡು. ಹದಿಮೂರು.
ಹದಿನಾಲ್ಕು. ಹದಿನೇಳು. ಹತ್ತೊಂಬತ್ತು.
ನಟ್ಟಿನ ಅಳತೆಯಲ್ಲಿ ಬಂತು ಅವನಿಗೆ ಕನ್ನಡ,
ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ.

ಒಂದು ರವಿವಾರ ಕೋಡಿಬಾಗದಲ್ಲಿ ನೀರಿಗಿಳಿದು
ಬೊಗಸೆ ತುಂಬಿ ಕುಡಿದೇ ಬಿಟ್ಟನಂತೆ.
ಅವನೂರಲ್ಲಿ ಆಚೆ ದಡ ಕಾಣದ ಸರೋವರ:
ಅಲೆ ಇದೆ, ಬಲೆ ಇದೆ, ಹೋಗಿ ಬಾರದವರಿದ್ದಾರೆ,
ಉಪ್ಪೊಂದಿಲ್ಲ.
ಪುಸ್ತಕದಲ್ಲಿ ಓದಿದ್ದೆ, ಗೊತ್ತಿತ್ತು, ಆದರೂ, ಎಂದು
ಸೋಮವಾರ ಕಿಂಡಿಗೆ ಬಂದು ದೂರು ಹೇಳಿದ,
ಉಪ್ಪು ಹಾಕಿದವಳು ನಾನೇ ಎಂಬಂತೆ.

ಹಾಸ್ಟೆಲಿನ ಕೋಣೆಯಲ್ಲಿ ಮೆಕ್ಕೆಜೋಳದ ಹಿಟ್ಟು ತೊಳಸಿದ್ದಕ್ಕೆ
ಫ್ಯೂಸು ಹಾರಿ ಮೂರು ಮಹಡಿ ಕತ್ತಲೆ.
ವಾರ್ಡನ್ ಪೆಡ್ನೇಕರರು ಇನ್ನೂರು ದಂಡ ಹಾಕಿದರು,
ಟಾರ್ಚು ಹಿಡಿದು ಅವನಿಂದಲೇ ರಿಪೇರಿ ಮಾಡಿಸಿದರು,
ಆಮೇಲೆ ಆ ಮುದ್ದೆಗೆ ತಾರ್ಲೆ ಸಾರು ಕಲಸಿ
ಭೂತಾನದ ಕಿನ್ಲೆಯೊಡನೆ ತಾವೂ ಉಂಡರು.

ವಯಸ್ಸೆಷ್ಟು ಎಂದರೆ ಹತ್ತೊಂಬತ್ತು ಎನ್ನುತ್ತಿದ್ದ.
ಪಾಸ್‌ಪೋರ್ಟಿನಲ್ಲಿ ಇಪ್ಪತ್ತು.
ನಮ್ಮ ಪೆಟ್ಟಿಗೆಯಲ್ಲಿ ಇಪ್ಪತ್ತಿಲ್ಲವಲ್ಲ.

ಅಕ್ಟೋಬರದಲ್ಲಿ ಮುಖ ಬಾಡಿತು.
ಅಮ್ಮನ ಫೋನಿಲ್ಲ, ಸರೋವರದ ಆ ಕಡೆ
ಟವರು ಬಿದ್ದಿದೆಯಂತೆ.
ಎಷ್ಟು ದಿನವಾಯಿತೋ? ಹದಿನಾಲ್ಕು, ಎಂದ.
ಮರುದಿನ ಕೇಳಿದೆ. ಹದಿನಾಲ್ಕು.
ಅದರ ಮರುದಿನ. ಹದಿನಾಲ್ಕೇ.
ನಾಲ್ಕನೆಯ ದಿನ ಒಮ್ಮೆಗೇ ಹದಿನೇಳು.
ಲೆಕ್ಕ ತಪ್ಪಿದ್ದಾನೆ ಎಂದುಕೊಂಡೆ.
ರಾತ್ರಿ ಮಗ್ಗುಲಾದಾಗ ಹೊಳೆಯಿತು.
ಹದಿನಾಲ್ಕರ ಮೆಟ್ಟಿಲಲ್ಲೇ ಪಾಪ ನಿಂತಿದ್ದ,
ಮುಂದಿನ ಎರಡನ್ನು ನಾನು ಕೊಟ್ಟೇ ಇರಲಿಲ್ಲ.
ಕೊಡಬೇಕೆಂದು ಬೆಳಿಗ್ಗೆ ಬೇಗ ಹೋದೆ.
ಫೋನು ಬಂದಿತ್ತು. ಸೀಟಿ ಹೊಡೆಯುತ್ತ
ಪಿಸ್ಟನ್ನು ಒರೆಸುತ್ತಿದ್ದ. ಸುಮ್ಮನಾದೆ.

ಮೊನ್ನೆ ಕಿಂಡಿಯಾಚೆಯಿಂದ ಕೂಗು:
ಬಾಯೀ, ಹದಿನೈದು!
ಹದಿನೈದರದು ಇಲ್ಲವೋ ಮಾರಾಯ, ಎಂದೆ ತಲೆಯೆತ್ತದೆ.
ಒದ್ದೆ ಪ್ಲಾಸ್ಟಿಕ್ಕು ಎತ್ತಿ ತೋರಿಸಿದ.
ಬಂಗಡೆ. ನೂರಕ್ಕೆ ಹದಿನೈದು.
ಮಾರ್ಕೆಟ್ಟಿನ ಸುಲಭಾಬಾಯಿ ಎಣಿಸಿ ಹಾಕಿದ್ದು,
ಒಂದೊಂದನ್ನೂ ಅವನಿಂದ ಹೇಳಿಸಿ.
ಹದಿನಾರನೆಯದು ಕೊಸರು,
ಅದು ನಿಮಗೆ, ಎಂದು ಕಿಂಡಿಯಲ್ಲಿಟ್ಟ.

ಕೈ ತಾನಾಗಿ ಬಿಲ್ಲೆ ಹುಡುಕಿತು.
ರಿಜಿಸ್ಟರು ತೆರೆದೆ.
ಯಾವ ಕಾಲಮ್ಮಿನಲ್ಲಿ ಬರೆಯುವುದು?